ತಾಯಲೂರಿನ ಮೌನಿಕಾಗೆ

ಗಂಗಾಧರ್ ಮುಳಬಾಗಿಲಿನ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುತ್ತಾನೆ. ಅವನು ಬಾಕ್ಸುಗಳ ಮೇಲೆ ಹತ್ತಿ ನಿಂತು ಕೂಗಿದರೆ ಹೆದ್ದಾರಿಯ ಲಾರಿಯವರಿಗೂ ಕೇಳಿಸುತ್ತದೆ. ಆದರೆ ಒಬ್ಬರ ಎದುರು ಕೂತು ಒಂದು ಮಾತು ಹೇಳಬೇಕಾದರೆ ಬೇರೇನೋ ಮಾತಾಡಿ ಎದ್ದುಬಿಡುತ್ತಾನೆ. ಇಲ್ಲಿ ಬರೆದಿರುವುದರಲ್ಲಿ ಅರ್ಧ ಅವನೇ ಹೇಳಿದ್ದು. ಉಳಿದದ್ದು ಅವನ ಹೆಂಡತಿ ಮೌನಿಕಾಳ ಜೊತೆ ಕಂಪನಿ ಬಸ್ಸಿನಲ್ಲಿ ಹೋಗುವ ನಮ್ಮಕ್ಕ ಮಾನಸ ಹೇಳಿದ್ದು. ಇಬ್ಬರೂ ಹೇಳದ್ದನ್ನು ನಾನು ಸೇರಿಸಿಲ್ಲ.

ಮೌನಿಕಾ ತಾಯಲೂರಿನ ದೊಡ್ಡಮುನಿಯಪ್ಪನವರ ಒಬ್ಬಳೇ ಮಗಳು. ಹೋದ ವರ್ಷ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ಗಂಡುಮಕ್ಕಳಿಲ್ಲದ ಮನೆ. ಹೆಣಕ್ಕೆ ಹೆಗಲು ಕೊಡಲು ಅಳಿಯ ಬರಲಿ ಎಂದು ಮಧ್ಯಾಹ್ನ ಮೂರು ಗಂಟೆಯವರೆಗೆ ಕಾದರು. ಆವತ್ತು ಮಂಡಿಗೆ ಭಾರಿ ಮಾಲು ಬಂದಿತ್ತು. ಈ ಲಾಟು ಮುಗಿಸಿ ಹೋಗ್ತೀನಿ, ಇದೊಂದು ಮುಗಿಸಿ ಹೋಗ್ತೀನಿ ಎನ್ನುತ್ತಲೇ ಗಂಗಾಧರ್ ಸಂಜೆ ಮಾಡಿದ. ಆಮೇಲೆ ಮುಖ ತೋರಿಸಲು ನಾಚಿಕೆಯಾಗಿ ಮೂರನೇ ದಿನ ಹೋದ. ಅಕ್ಕಪಕ್ಕದ ಮನೆಯವರೇ ಹೆಗಲು ಕೊಟ್ಟಿದ್ದರು. ಮೌನಿಕಾ ಅವನ ಜೊತೆ ಹಿಂದಿರುಗಲಿಲ್ಲ. ತಾಯಿಯ ಮನೆಯಲ್ಲೇ ಉಳಿದು, ನರಸಾಪುರದ ಒಂದು ಕಂಪನಿಯ ಕೆಲಸಕ್ಕೆ ಸೇರಿದಳು.

ಅವಳು ಕೇಳಿದ್ದು ಒಂದೇ. "ಅಮ್ಮನ ಮುಂದೆ ನಿಂತು ತಪ್ಪಾಯ್ತು ಅನ್ನು. ಆವತ್ತೇ ನಿನ್ ಜೊತೆ ಬರ್ತೀನಿ."

ಹತ್ತು ತಿಂಗಳಲ್ಲಿ ಅವನು ಎರಡು ಸಲ ತಾಯಲೂರಿಗೆ ಹೊರಟ. ಮೊದಲನೇ ಸಲ ಕೆರೆ ಏರಿಯಿಂದಲೇ ಬೈಕು ತಿರುಗಿಸಿಕೊಂಡು ಬಂದ. ಎರಡನೇ ಸಲ ಮನೆಯೊಳಗೆ ಹೋಗಿ, ಕಾಫಿ ಕುಡಿದು, ಟೊಮೆಟೊಗೆ ಬೀಳುವ ಊಜಿ ಹುಳದ ವಿಷಯ ಮಾತಾಡಿ ಎದ್ದು ಬಂದ. ಕೊನೆಗೆ, ಬಾಯಿಗೆ ಬಾರದ ಆ ಮಾತನ್ನು ಹಾಡಾಗಿ ಕಟ್ಟಿ, ತಾನೇ ಹಾಡಿ ಫೋನಿನಲ್ಲಿ ರೆಕಾರ್ಡು ಮಾಡಿದ. ಅದರ ಎರಡು ಸಾಲು ಹೀಗಿವೆ:

ಹೆಗಲು ಕೊಡೋ ದಿನ ನಾನು ಬಾಕ್ಸು ಹೊರಿಸುತ್ತಿದ್ದೆ,
ಹೂವೆಲ್ಲ ಬಾಡಿದ ಮೇಲೆ ಬಾಗಿಲಿಗೆ ಬಂದೆ.

ಶ್ರೀನಿವಾಸಪುರದ ನಂದೀಶ್ ಮದುವೆಗಳ ವಿಡಿಯೋ ತೆಗೆಯುವವನು. ಯೂಟ್ಯೂಬಿನಲ್ಲಿ ಅವನದೊಂದು ಚಾನೆಲ್ ಇದೆ. ಹಾಡು ಕೇಳಿ ಅವನು, "ಕಣ್ಣಲ್ಲಿ ನೀರು ಬಂತು ಕಣಣ್ಣಾ. ವಿಡಿಯೋ ನಂಗೆ ಬಿಡು, ನೀನು ತಲೆ ಕೆಡಿಸ್ಕೋಬೇಡ" ಎಂದ. ಗಂಗಾಧರ್ ಕೇಳಿಕೊಂಡದ್ದು ಒಂದೇ. ಶುರುವಿನಲ್ಲಿ ತನ್ನ ಫೋಟೊ ಹಾಕಿ, ಕೆಳಗೆ "ಈ ಹಾಡು ತಾಯಲೂರಿನ ಮೌನಿಕಾಗೆ" ಎಂದು ದಪ್ಪ ಅಕ್ಷರದಲ್ಲಿ ಬರೆಯಬೇಕು.

ಒಂದು ಶುಕ್ರವಾರ ವಿಡಿಯೋ ಬಂತು. ಫೋಟೊ, ದಪ್ಪ ಅಕ್ಷರ ಎಲ್ಲವೂ ಸರಿಯಾಗಿದ್ದವು. ಆಮೇಲೆ ಬೆಟ್ಟದ ಮೇಲೆ ಬೈಕಿನಲ್ಲಿ ಒಬ್ಬ ಹುಡುಗ, ಹಿಂದೆ ಒಬ್ಬಳು ಹುಡುಗಿ. "ಹೆಗಲು ಕೊಡೋ ದಿನ" ಎನ್ನುವಾಗ ಹುಡುಗಿ ಬೈಕಿನಿಂದ ಇಳಿದು ಬೇರೊಬ್ಬನ ಕೆಂಪು ಕಾರು ಹತ್ತಿದಳು. "ಬಾಗಿಲಿಗೆ ಬಂದೆ" ಎನ್ನುವಾಗ ಹುಡುಗ ಬಾಟಲಿಯನ್ನು ಬಂಡೆಗೆ ಒಡೆದ. ನಂತರ ಮಾವಿನ ತೋಪಿನಲ್ಲಿ ಕಪ್ಪು ಕನ್ನಡಕದ ಆರು ಜನ ಕುಣಿದರು. ಸತ್ತವರೂ ಇರಲಿಲ್ಲ, ಸಾವಿನ ಮನೆಯೂ ಇರಲಿಲ್ಲ.

ಗಂಗಾಧರ್ ಫೋನು ಮಾಡಿದ. "ಇದೇನ್ಲಾ ನಂದೀಶ? ಮಾವನ ಸಾವಿನ ಹಾಡಿಗೆ ಆ ಹುಡುಗಿ ಯಾಕ್ಲಾ ಕಾರು ಹತ್ತಿದ್ಲು?"

"ಹೆಣ ತೋರ್ಸಿದ್ರೆ ಯಾರಣ್ಣಾ ನೋಡ್ತಾರೆ? ಇದು ಮಾಲೂರಿನ ಒಬ್ಬ ಹುಡುಗನ ಹಾಡಿಗೆ ಅಂತ ತೆಗ್ದಿದ್ದು. ಅವನು ಹಾಡೇ ಕೊಡ್ಲಿಲ್ಲ. ನಿಂದು ಅಳತೆಗೆ ಸರಿಹೋಯ್ತು. ಮೂರು ಸೆಕೆಂಡು ಮಾತ್ರ ಕಟ್ ಮಾಡ್ದೆ."

"ತೆಗಿ ಅದನ್ನ."

"ನಲವತ್ತು ಸಾವಿರ ಜನ ನೋಡವ್ರೆ, ಹೆಂಗೆ ತೆಗೀಲಿ? ಬೇಕಾದ್ರೆ ಹೆಸರು ತೆಗೀತೀನಿ ಬಿಡು."

ಸೋಮವಾರ ಹೆಸರು ತೆಗೆದ. ಅಷ್ಟರಲ್ಲಿ ಹೆಸರಿದ್ದ ವಿಡಿಯೋ ಸುತ್ತಲ ಊರುಗಳ ವಾಟ್ಸಾಪಿನಲ್ಲೆಲ್ಲ ಓಡಾಡಿತ್ತು.

ಶನಿವಾರದ ಶಿಫ್ಟಿಗೇ ಅದು ಕಂಪನಿ ಬಸ್ಸನ್ನೂ ಹತ್ತಿತ್ತು. ಇಂಜಿನ್ ಸದ್ದಿನಲ್ಲಿ ಹಾಡು ಯಾರಿಗೂ ಕೇಳಿಸುವಂತಿರಲಿಲ್ಲ. ಫೋನು ಮಾತ್ರ ಸೀಟಿನಿಂದ ಸೀಟಿಗೆ ಹೋಯಿತು. "ಲೇ ಮೌನಿಕಾ, ಕೆಂಪು ಕಾರಿನೋನ ವಿಷಯ ನಮ್ಗೆ ಹೇಳಲೇ ಇಲ್ವಲ್ಲೇ!" ಎಂದು ಹಿಂದಿನಿಂದ ರಮ್ಯ ಕೂಗಿದಳು. ಮೌನಿಕಾ ಫೋನು ಇಸಿದುಕೊಂಡು, ಕಿವಿಗೆ ಒತ್ತಿಕೊಂಡು ಹಾಡನ್ನು ಪೂರ್ತಿ ಕೇಳಿದಳು. ಆಮೇಲೆ ಹಿಂದಕ್ಕೆ ಕೊಟ್ಟಳು.

ಮಂಗಳವಾರ ಗಂಗಾಧರ್ ಮಂಡಿಗೆ ರಜೆ ಹಾಕಿ ತಾಯಲೂರಿಗೆ ಹೋದ. ಅತ್ತೆ ವೆಂಕಟರತ್ನಮ್ಮ ಬಾಗಿಲಲ್ಲೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವನು ನಿಂತುಕೊಂಡೇ, "ತಪ್ಪಾಯ್ತತ್ತೆ" ಎಂದ. ಹತ್ತು ತಿಂಗಳ ಮೇಲೆ ಆ ಮಾತು ಬಾಯಿಂದ ಬಂದಿತ್ತು.

"ಯಾವುದಕ್ಕಪ್ಪಾ? ಅವರು ಹೋದ ದಿನದ್ದಕ್ಕಾ, ಈಗಿಂದಕ್ಕಾ?" ಎಂದರು ಅವರು, ತಲೆ ಎತ್ತದೆ.

ಒಳಗಿನಿಂದ ಮೌನಿಕಾ ಬಂದಳು. "ಹಾಡು ಕೇಳ್ದೆ. ಅದು ಅಪ್ಪಂಗೆ ಅಂತ ನಂಗೆ ಗೊತ್ತಾಯ್ತು. ಆದ್ರೆ ಬಸ್ಸಲ್ಲಿ ಐವತ್ತು ಜನಕ್ಕೆ ಗೊತ್ತಿರೋದು ಆ ಕಾರು ಒಂದೇ. ನಮ್ಮನೆ ಬಾಗಿಲಿಗೆ ಬಂದು ಹೇಳೋದು ಬಿಟ್ಟು ಊರಿಗೆಲ್ಲ ಯಾಕೆ ಹೇಳೋಕ್ಹೋದೆ?"

"ನಾನು ಹಂಗೆ ಮಾಡು ಅಂತ ಹೇಳಿರ್ಲಿಲ್ಲ ಕಣೇ."

"ನನ್ನ ಹೆಸರು ಹಾಕು ಅಂತ ಹೇಳಿದ್ದು ಯಾರು?"

ಅವನು ಬೈಕಿನ ಕಡೆ ತಿರುಗಿದ. ಮೌನಿಕಾ ಬಿಡಲಿಲ್ಲ.

"ನಾಳೆ ಬಸ್ಸಿಗೆ ಹತ್ತಿ ಎಲ್ರಿಗೂ ಹೇಳು. ಅಮ್ಮಂಗೆ ಹೇಳ್ದಂಗೇ ಹೇಳು. ಆಮೇಲೆ ನೋಡೋಣ."

ಬುಧವಾರ ಬೆಳಿಗ್ಗೆ ಆರು ಗಂಟೆಗೆ ಬಸ್ಸು ಬಂದಾಗ ಗಂಗಾಧರ್ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ನಿಲ್ದಾಣದಲ್ಲಿದ್ದ. ಮೌನಿಕಾಳ ಹಿಂದೆ ಹತ್ತಿ, ಮುಂದಿನ ಕಂಬ ಹಿಡಿದು ನಿಂತ. ಹರಾಜಿನ ದನಿ ಹೊರಡಲಿಲ್ಲ. ಆದರೂ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದ: ಅದು ತನ್ನ ಮಾವ ಸತ್ತಾಗಿನ ಹಾಡು, ತಾನು ಹೆಗಲು ಕೊಡಲು ಬರಲಿಲ್ಲ, ತಪ್ಪು ತನ್ನದೇ, ವಿಡಿಯೋದಲ್ಲಿರುವುದಕ್ಕೂ ಮೌನಿಕಾಗೂ ಯಾವ ಸಂಬಂಧವೂ ಇಲ್ಲ.

ಡ್ರೈವರ್ ಆಗಲೇ ಬಾಗಿಲು ಹಾಕಿ ಗಾಡಿ ಬಿಟ್ಟಿದ್ದರೆ ಅವರಿಬ್ಬರೂ ಒಂದಾಗುತ್ತಿದ್ದರೇನೋ ಎಂದು ನಮ್ಮಕ್ಕ ಈಗಲೂ ಹೇಳುತ್ತಾಳೆ.

"ಅದೆಲ್ಲ ಸರಿ ಕಣಣ್ಣಾ," ಎಂದಳು ರಮ್ಯ, "ಮತ್ತೆ ಆ ಕಾರು ಯಾರ್ದು?"

ಇಡೀ ಬಸ್ಸು ನಕ್ಕಿತು. "ನಾನೂ ನಕ್ಕೆ" ಎಂದು ನಮ್ಮಕ್ಕ ಒಪ್ಪಿಕೊಂಡಳು.

ಮೌನಿಕಾ ಎದ್ದು, ಅವನನ್ನು ದಾಟಿಕೊಂಡು ಕೆಳಗಿಳಿದು, ಬ್ಯಾಗು ಹೆಗಲಿಗೇರಿಸಿ ಮನೆಯ ಕಡೆ ನಡೆದಳು. ಗಂಗಾಧರ್ ಇಳಿಯುವ ಮೊದಲೇ ಡ್ರೈವರ್ ಬಾಗಿಲು ಹಾಕಿ ಗಾಡಿ ಬಿಟ್ಟ. ಮುಂದಿನ ನಿಲ್ದಾಣ ಬರುವವರೆಗೆ ಅವನು ಕಂಬ ಹಿಡಿದುಕೊಂಡು ಅವರೆಲ್ಲರ ಎದುರು ನಿಂತಿರಬೇಕಾಯಿತು.