ಸೌತೆಕಾಯಿಗೊಂದು ಲಂಗೋಟಿ

ತ್ರಾಸಿಯ ಮಂಜಯ್ಯ ಮೀಸೆ ಚಿಗುರುವ ಮೊದಲೇ ಕಡಲಿಗಿಳಿದವರು, ಮೀಸೆ ಬೆಳ್ಳಗಾದ ಮೇಲೆ ದಡಕ್ಕೆ ಬಂದು ಕೂತವರು. ಕೂತದ್ದು ಮನಸ್ಸಿದ್ದಲ್ಲ, ಮೊಣಕಾಲು ಕೈಕೊಟ್ಟಿತು. ತಾಂಡೇಲರಾಗಿ ದೋಣಿ ನಡೆಸುತ್ತಾ ಗಂಡಾಳುಗಳಿಗೆಲ್ಲ ಗದರುತ್ತಿದ್ದ ಮನುಷ್ಯನಿಗೆ ಮನೆಯಲ್ಲಿ ಗದರಲು ಯಾರೂ ಸಿಗಲಿಲ್ಲ. ಹೆಂಡತಿ ಸರೋಜ ಬೆಳಕು ಹರಿಯುತ್ತಲೇ ಮೀನಿನ ಬುಟ್ಟಿ ಹೊತ್ತು ಹೋಗುವವರು. ಮಗ ಸಚಿನ್ ಗಂಗೊಳ್ಳಿಯ ಬೋಟಿನಲ್ಲಿ. ಹೋದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಉಳಿದವರು ಸೊಸೆ ಶ್ರೀಲತಾ ಮತ್ತು ಅವಳ ಆರು ತಿಂಗಳ ಮಗಳು ಅನಿಷಾ. ಅನಿಷಾಳಂತೂ ಎಂಥ ತಾಂಡೇಲರ ಮಾತನ್ನೂ ಕೇಳುವವಳಲ್ಲ.

ಶ್ರೀಲತಾ ಮದುವೆಗೆ ಮೊದಲಿನಿಂದಲೂ ಕುಂದಾಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ರಜೆ ಮುಗಿಯುತ್ತಾ ಬಂದಿತ್ತು. ಮುಂದಿನ ತಿಂಗಳು ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಲ್ಯಾಬಿನವರು ನಯವಾಗಿಯೇ ಹೇಳಿದ್ದರು. ಕಷ್ಟಪಟ್ಟು ಕಲಿತ ಕೆಲಸ, ಅವಳಿಗೆ ಬಿಡಲು ಮನಸ್ಸಿಲ್ಲ. ಆದರೆ ಮಗುವನ್ನು ನೋಡಿಕೊಳ್ಳುವವರು ಯಾರು? ಒಂದು ದಿನ ಊಟಕ್ಕೆ ಕೂತಾಗ ಈ ಮಾತು ಬಂದದ್ದೇ ಮಂಜಯ್ಯ ಗಂಟಲು ಸರಿಮಾಡಿಕೊಂಡರು.

“ನಾ ಕಂಡ್ಕಂತೆ.”

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಸರೋಜರಿಗೆ ನಗು ತಡೆಯಲಾಗಲಿಲ್ಲ.

“ನೀವಾ? ಸಚಿನ್ ಸಣ್ಣಕ್ ಇಪ್ಪಾಗ ಒಂದ್ ದಿನ ಅವ್ನನ್ನ್ ಎತ್ಕಂಡದ್ದ್ ಕಂಡಿಲ್ಲೆ ನಾನ್!”

ಮಾತು ಸುಳ್ಳಲ್ಲ. ಮಗ ಏಳುವ ಮೊದಲೇ ಇವರು ಕಡಲಲ್ಲಿ, ಇವರು ಮರಳುವಾಗ ಮಗ ನಿದ್ದೆಯಲ್ಲಿ. ಹಾಗೆ ನೋಡನೋಡುತ್ತ ಅವನಿಗೂ ಮೀಸೆ ಬಂದಿತ್ತು. ಮಂಜಯ್ಯ ತಲೆ ತಗ್ಗಿಸಿ ಅನ್ನ ಕಲಸಿದರು. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಮಗುವಿನ ತೊಡೆಸಂದಿ ಕೆಂಪಾಗಿ ಗುಳ್ಳೆಗಳೆದ್ದವು. ಅಂಗಡಿಯ ಡಯಾಪರ್ ಸದ್ಯ ಬೇಡ, ಮೆತ್ತನೆ ಹತ್ತಿಬಟ್ಟೆ ಕಟ್ಟಿ, ಒದ್ದೆಯಾದ ಕೂಡಲೇ ಬದಲಿಸಿ ಎಂದರು ಡಾಕ್ಟರು. ಶ್ರೀಲತಾ ಮೊಬೈಲಿನಲ್ಲಿ ಹುಡುಕಿ ಒತ್ತುಗುಂಡಿ ಇರುವ ಬಟ್ಟೆ ಡಯಾಪರುಗಳನ್ನು ತರಿಸಿದಳು. ಸರೋಜರು ಬೇರೆಯೇ ದಾರಿ ಹಿಡಿದರು. ಹುಟ್ಟಿದ ಮಗುವನ್ನು ಹಿರಿಯರು ಉಟ್ಟು ಹಳತಾದ ಬಟ್ಟೆಯಲ್ಲಿ ಸುತ್ತುವುದು ಆ ಮನೆಯ ವಾಡಿಕೆ. ಆಸ್ಪತ್ರೆಯವರು ಹೊಸ ಟವೆಲ್ಲೇ ಬೇಕೆಂದದ್ದರಿಂದ ಅನಿಷಾಳಿಗಾಗಿ ಎತ್ತಿಟ್ಟ ಬಟ್ಟೆ ಪೆಟ್ಟಿಗೆಯಲ್ಲೇ ಉಳಿದಿತ್ತು. ಅದು ಮಂಜಯ್ಯನವರ ಹಳೇ ಪಂಚೆ.

“ಇದ್ರಷ್ಟ್ ಮೆತ್ತಗಿನ್ ಬಟ್ಟೆ ಯಾವ್ ಅಂಗ್ಡೆಗೂ ಸಿಕ್ಕುದಿಲ್ಲೆ,” ಎನ್ನುತ್ತಾ ಸರೋಜರು ಅದನ್ನು ಪರ್ರನೆ ಹರಿದರು. ತನ್ನ ಪಂಚೆ ಮೊಮ್ಮಗಳ ಸೊಂಟ ಸೇರಿದ್ದು ಕಂಡು ಮಂಜಯ್ಯನವರಿಗೆ ನಾಚಿಕೆಯೂ ಆಯಿತು, ಎದೆಯೂ ತುಂಬಿತು.

ಸೊಸೆಯಿಂದ ಬಟ್ಟೆ ಕಟ್ಟುವುದನ್ನು ಕಲಿಯಲು ಕೂತರು. ಚೌಕದ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಬೇಕು, ನಡುವೆ ದಪ್ಪಕ್ಕೊಂದು ಪಟ್ಟಿ ಇಡಬೇಕು, ಸೊಂಟದಲ್ಲಿ ಬೆರಳು ತೂರುವಷ್ಟು ಸಡಿಲ ಬಿಡಬೇಕು. ಒತ್ತುಗುಂಡಿಗಳ ಸಹವಾಸ ಮಾತ್ರ ಅವರಿಗೆ ಆಗಲಿಲ್ಲ. ಹಗ್ಗ ಎಳೆದು ದಪ್ಪಗಟ್ಟಿದ ಬೆರಳು ಆ ಗುಂಡಿಯನ್ನು ಹುಡುಕಿ ಒತ್ತುವುದರೊಳಗೆ ಅನಿಷಾ ಮಗುಚಿ ಅರ್ಧ ಚಾಪೆ ದಾಟಿರುತ್ತಿದ್ದಳು. “ನಂಗೆ ಗಂಟೇ ಸಾಕ್,” ಎಂದರು.

ಒಗೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು, ಸೋಪು ಸ್ವಲ್ಪವೇ, ನೊರೆ ಪೂರ್ತಿ ಹೋಗುವವರೆಗೆ ನೀರು. ಪರಿಮಳದ ದ್ರವ ಹಾಕಿದರೆ ಬಟ್ಟೆ ನೀರು ಹೀರುವುದಿಲ್ಲ ಎಂದು ಸೊಸೆ ಹೇಳಿಕೊಟ್ಟದ್ದನ್ನು ಸರೋಜರಿಗೂ ಪಾಠ ಮಾಡಿದರು. ಬಲೆ ಒಣಹಾಕುತ್ತಿದ್ದ ಜಾಗದಲ್ಲಿ ಹಗ್ಗ ಬಿಗಿದು, ಸಂಜೆಯ ಉಪ್ಪುಗಾಳಿಗೆ ಬಟ್ಟೆ ಮತ್ತೆ ತಂಪಾಗುವ ಮೊದಲೇ ಒಳಗೆ ತರುತ್ತಿದ್ದರು. ಗುಳ್ಳೆಗಳು ಬಾಡತೊಡಗಿದವು.

ಆ ಧೈರ್ಯದಲ್ಲೇ ಶ್ರೀಲತಾ ಒಂದು ಬೆಳಿಗ್ಗೆ ಮಗುವನ್ನು ಮಾವನ ಬಳಿ ಬಿಟ್ಟು, ಕೆಲಸಕ್ಕೆ ಬರುವ ದಿನ ಹೇಳಿ ಬರಲು ಸ್ಕೂಟಿ ಹತ್ತಿ ಕುಂದಾಪುರಕ್ಕೆ ಹೋದಳು. ಅಂಗಳ ದಾಟುವುದರೊಳಗೆ ಎಷ್ಟು ಸಲ ತಿರುಗಿ ನೋಡಿದಳೋ. ಮರಳಿ ಬರುವಾಗ ರಸ್ತೆಗೇ ಮಗಳ ಕಿರುಚಾಟ ಕೇಳಿತು.

ಒಳಗೆ ಮಂಜಯ್ಯ ಬೆವರಿ ನೀರಾಗಿದ್ದರು. ಬಟ್ಟೆ ಒದ್ದೆ, ಮಗುವಿನ ಕಾಲಿನವರೆಗೂ ಹೊಲಸು. ಗಂಟು ಮಾತ್ರ ಕಲ್ಲಾಗಿತ್ತು. ಉಗುರಿನಿಂದ ಕೆದಕಿ, ಕೊನೆಗೆ ಹಲ್ಲಿನಿಂದಲೂ ಎಳೆದು ನೋಡಿದ್ದರು.

“ಬಿಚ್ಚುಕೆ ಆತಿಲ್ಲೆ ಮಗಾ,” ಎಂದರು. ಆ ದನಿಯನ್ನು ಶ್ರೀಲತಾ ಅದುವರೆಗೆ ಕೇಳಿರಲಿಲ್ಲ.

ಆದದ್ದಿಷ್ಟೇ. ಎರಡು ತುದಿ ಕೈಗೆ ಸಿಕ್ಕಿದ್ದೇ ಬೆರಳುಗಳು ತಮ್ಮ ಪಾಡಿಗೆ ಬಲೆಯ ಗಂಟು ಹಾಕಿಬಿಟ್ಟಿದ್ದವು. ನೀರು ತಾಗಿದಷ್ಟೂ ಬಿಗಿಯಾಗುವುದೇ ಬಲೆಯ ಗಂಟಿನ ಗುಣ. ಕಡಲಿನಲ್ಲಿ ಅದಕ್ಕೆ ಬೆಲೆ, ಅನಿಷಾಳ ಸೊಂಟದಲ್ಲಿ ಅದೇ ಗ್ರಹಚಾರ. ಶ್ರೀಲತಾ ಕತ್ತರಿ ತಂದು ಪಂಚೆಯ ತುಂಡನ್ನು ಕತ್ತರಿಸಿದಳು. ಎಳೆದಾಡಿದ್ದಕ್ಕೆ ಮಗುವಿನ ಸೊಂಟದಲ್ಲಿ ಕೆಂಪು ಗೆರೆ ಮೂಡಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸುದ್ದಿ ತಿಳಿದ ಸರೋಜರು ಬುಟ್ಟಿ ಕವುಚಿಟ್ಟು, “ಇನ್ನ್ ನಾ ಮೀನಿಗ್ ಹೋಪುದಿಲ್ಲೆ. ಮಗುನ ನಾನೇ ಕಂಡ್ಕಂತೆ,” ಎಂದರು. “ಬ್ಯಾಡ ಅತ್ತೆ, ನಾನೇ ಕೆಲ್ಸ ಬಿಡ್ತೆ,” ಎಂದಳು ಶ್ರೀಲತಾ. ತನ್ನಿಂದಾಗಿ ಇಬ್ಬರಲ್ಲೊಬ್ಬರ ದುಡಿಮೆ ನಿಲ್ಲುತ್ತದಲ್ಲ ಎಂಬ ಸಂಕಟ ಮಂಜಯ್ಯನವರಿಗೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು: ಇನ್ನು ಮಗುವನ್ನು ತನ್ನ ಕೈಗೆ ಕೊಡಲಾರರು. ರಾತ್ರಿಯಾಗುವವರೆಗೂ ಅವರು ಜಗಲಿಯ ತುದಿಯಲ್ಲೇ ಕೂತರು, ಅನಿಷಾ ಕೇಕೆ ಹಾಕಿದರೂ ಆ ಕಡೆ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಶ್ರೀಲತಾ ಮಗುವನ್ನು ತಂದು ಅವರ ಮಡಿಲಿಗೇ ಹಾಕಿದಳು.

“ಮಾವ, ನಿಮ್ಗೆ ಬಿಚ್ಚು ಗಂಟ್ ಒಂದೂ ಬತ್ತಿಲ್ಯಾ?”

ಮಂಜಯ್ಯ ತಲೆಯೆತ್ತಿದರು. ಬಿಚ್ಚುವ ಗಂಟು! ದಡಕ್ಕೆ ಕಟ್ಟಿದ ದೋಣಿಯನ್ನು ಅವಸರಕ್ಕೆ ಬಿಡಿಸಿಕೊಳ್ಳಬೇಕಾದಾಗ ಯಾರು ಕತ್ತರಿ ಹುಡುಕುತ್ತಾರೆ? ತುದಿಯನ್ನು ಪೂರ್ತಿ ತೂರಿಸದೆ ಮಡಚಿ ಸಿಕ್ಕಿಸಿಬಿಟ್ಟರೆ ಎಷ್ಟು ಒದ್ದೆಯಾದರೂ ಒಂದೇ ಎಳೆತಕ್ಕೆ ಕಳಚಿಕೊಳ್ಳುತ್ತದೆ. “ಇತ್ತ್,” ಎಂದರು. “ಇತ್ತ್ ಮಗಾ! ನಂಗೆ ನೆನ್ಪೇ ಆಯ್ಲಿಲ್ಲೆ ಕಾಣ್.”

ಆದರೆ ಮಗುವಿನ ಮೇಲೆ ಮತ್ತೆ ಕೈ ಓಡಿಸಲು ಧೈರ್ಯ ಬರಲಿಲ್ಲ. ಅಡುಗೆಮನೆಯ ಮಾಡಿಗೆ ಬಾಳೆಹಗ್ಗದಲ್ಲಿ ತೂಗಿಸಿಟ್ಟ ಹುಳಿಯ ದಪ್ಪ ಸೌತೆಕಾಯಿಗಳಲ್ಲಿ ಮಗುವಿನಷ್ಟೇ ಗುಂಡಗಿನದೊಂದನ್ನು ಆರಿಸಿ ಇಳಿಸಿದರು. ಅದಕ್ಕೆ ಲಂಗೋಟಿ ಕಟ್ಟಿದರು. ಚೊಂಬಿನಿಂದ ನೀರು ಹೊಯ್ದರು, ಕಾದರು, ತುದಿ ಎಳೆದರು. ಕಳಚಿತು. ಮತ್ತೆ ಕಟ್ಟಿದರು. ಪಕ್ಕದಲ್ಲಿ ಅನಿಷಾ ಬೆರಳು ಚೀಪುತ್ತಾ ನೋಡುತ್ತಿದ್ದಳು. ಬೇಸರಕ್ಕೆ ಮನೆಯಲ್ಲಿರಲಾರದೆ ಅರ್ಧ ಬುಟ್ಟಿ ಮೀನು ಮಾರಿ ಬಂದ ಸರೋಜರಿಗೆ ಕಂಡದ್ದು ಲಂಗೋಟಿ ಕಟ್ಟಿದ ಸೌತೆಕಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡ ಗಂಡ.

“ಹ್ವಾಯ್! ಎಂತ ಇದ್?”

ನಕ್ಕು ನಕ್ಕು ಅವರು ಮೆಟ್ಟಿಲಲ್ಲೇ ಕೂತುಬಿಟ್ಟರು. “ಇನ್ನ್ ಇದನ್ನ್ ಹುಳಿ ಮಾಡುಕೆ ನಂಗೆ ಮನ್ಸ್ ಬತ್ತಾ?” ಎಂದು ಕಣ್ಣೊರೆಸಿಕೊಂಡರು. ಆಮೇಲೆ ತಾವೇ ಒದ್ದೆ ತುದಿ ಹಿಡಿದು ಎಳೆದು ನೋಡಿದರು. ಕಳಚಿತು. ನಗು ನಿಂತಿತು.

“ಮಗಿಗ್ ಕಟ್ಟಿ ಕಾಂಬ,” ಎಂದರು.

ಶ್ರೀಲತಾ ಹೇಳಿದ ದಿನಕ್ಕೇ ಕೆಲಸಕ್ಕೆ ಹೋದಳು. ಮೊದಮೊದಲು ಮಧ್ಯಾಹ್ನ ಫೋನು ಬರುತ್ತಿತ್ತು. ಕ್ರಮೇಣ ಅದೂ ನಿಂತು, “ಮಾವ, ಹೋಯ್ ಬತ್ತೆ” ಎಂದು ಕೂಗಿ ತಿರುಗಿಯೂ ನೋಡದೆ ಸ್ಕೂಟಿ ಬಿಡತೊಡಗಿದಳು. ಆ ತಿರುಗಿ ನೋಡದಿರುವುದು ಮಂಜಯ್ಯನವರಿಗೆ ಸನ್ಮಾನದಂತೆ ಹಿತವಾಗಿತ್ತು. ಮೊಮ್ಮಗಳ ಚರ್ಮ ಬೆಣ್ಣೆಯಾಗಿತ್ತು. ಹಗ್ಗದ ಮೇಲೆ ಸಾಲಾಗಿ ಆಡುವ ತನ್ನ ಪಂಚೆಯ ತುಂಡುಗಳನ್ನು ನೋಡುತ್ತಾ ಅವರು ದೇವರಿಗೆ, ಸೊಸೆಗೆ, ಹೆಂಡತಿಗೆ, ಕೊನೆಗೆ ಕೈಕೊಟ್ಟ ಮೊಣಕಾಲಿಗೂ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದರು. ಅದು ಗಟ್ಟಿಯಾಗಿದ್ದರೆ ಇಷ್ಟು ಹೊತ್ತಿಗೆ ಎಲ್ಲೋ ನೀರಿನ ಮೇಲಿರುತ್ತಿದ್ದರು.

ಸಚಿನ್ ಬೋಟಿನಿಂದ ಬಂದ. ಗಡ್ಡ ಬೆಳೆದ ಅಪ್ಪನನ್ನು ಕಂಡು ಅನಿಷಾ ಅಜ್ಜನ ಹೆಗಲಿಗೆ ಮುಖ ಒತ್ತಿದಳು. ಅವನು ಪೆಚ್ಚಾಗಿ ದೂರ ನಿಂತ. ಮಂಜಯ್ಯ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಒಣ ಬಟ್ಟೆಯೊಂದನ್ನು ಅವನ ಕೈಗಿಟ್ಟರು.

“ಕಟ್ಟ್.”

“ನಂಗೆ ಬತ್ತಿಲ್ಲೆ ಅಪ್ಪಯ್ಯ.”

“ನಂಗೂ ಬತ್ತಿರ್ಲಿಲ್ಲೆ. ಕೂಕೋ.”

ಸಚಿನ್ ಮಡಚಿದ, ಸುತ್ತಿದ. ತುದಿಗಳು ಕೈಗೆ ಸಿಕ್ಕಿದ್ದೇ ಬೆರಳುಗಳು ಸರಸರನೆ ಬಲೆಯ ಗಂಟು ಹಾಕಿದವು. ಮಂಜಯ್ಯ ಜೋರಾಗಿ ನಕ್ಕು, ಒದ್ದೆಯಾಗುವ ಮೊದಲೇ ಬಿಚ್ಚಿ, ಅವನ ಬೆರಳು ಹಿಡಿದು ಇನ್ನೊಂದನ್ನು ತೋರಿಸಿದರು. ಮಗನ ಬೆರಳು ಹಿಡಿದದ್ದು ಯಾವ ಕಾಲದಲ್ಲೋ ಅವರಿಗೇ ನೆನಪಿರಲಿಲ್ಲ.

“ಅಪ್ಪಯ್ಯ, ನಂಗೂ ನೀವ್ ಹೀಂಗೇ ಕಟ್ತಿದ್ರ್ಯಾ?”

ಅಡುಗೆಮನೆಯಿಂದ ಸರೋಜರು ಇಣುಕಿದರು.

“ಇಲ್ಲೆ ಮಗಾ,” ಎಂದರು ಮಂಜಯ್ಯ. “ನಿಂಗೆ ಕಟ್ಟುಕೆ ನಾ ಮನೆಯಗೆ ಇರ್ಲಿಲ್ಲೆ. ದೇವ್ರ್ ದೊಡ್ಡವ, ನಂಗೆ ಇನ್ನೊಂದ್ ಸಲ ಕೊಟ್ಟ. ನೀ ನನ್ನಷ್ಟ್ ಕಾಲ ಕಾಯ್ಬ್ಯಾಡ.”

ಸಚಿನ್ ಗಂಟನ್ನು ತಾನೇ ಹಾಕಿ ಮುಗಿಸಿ ಮಗಳನ್ನು ಎತ್ತಿಕೊಂಡ. ಅವಳು ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಅಂಗಿ ಬೆಚ್ಚಗೆ ಒದ್ದೆಯಾಯಿತು. ಅವನು ಅಪ್ಪಯ್ಯನ ಮುಖ ನೋಡಿದ, ಮಗಳನ್ನು ಚಾಪೆಗಿಳಿಸಿ ತುದಿ ಹಿಡಿದು ಎಳೆದ. ಕಳಚಿತು. ಮಂಜಯ್ಯ ಮೊಣಕಾಲಿಗೆ ಕೈಯೂರಿ ಎದ್ದು ಹೋಗಿ, ಹಗ್ಗದ ಮೇಲಿಂದ ಇನ್ನೊಂದು ತುಂಡು ತಂದು ಮಗನ ಕೈಗೆ ಕೊಟ್ಟರು.