ಬಿಚ್ಚಿ ನೋಡದ ಗಂಟು

ಲೆಂಪಿ ರೌಟಿಯೊ ಹಟಮಾರಿ ಎಂದು ನಮ್ಮ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಪೀರಿಯರ್ ಸರೋವರದ ದಡದ ಈ ಹಳೇ ತಾಮ್ರದ ಗಣಿಯ ಊರಲ್ಲಿ ಮುಕ್ಕಾಲು ಪಾಲು ಫಿನ್‌ಲ್ಯಾಂಡ್ ಮೂಲದ ಫಿನ್ ಮಂದಿ. ಶನಿವಾರ ಸೌನಾ ಎಂಬ ಹಬೆಕೋಣೆಯಲ್ಲಿ ಬೆವರಿ ಬಂದು ರೇಡಿಯೋ ಹಾಕಿದರೆ, ಹಿರಿಯರು ತಮ್ಮ ನುಡಿಯಲ್ಲಿ ಹಾಡಿದ್ದು, ಹರಟಿದ್ದು ಬರುತ್ತಿತ್ತು. ಆ ದನಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಾಪಾಡುವುದು ರೇಡಿಯೋ ಕೇಂದ್ರದಲ್ಲಿ ಲೆಂಪಿಯ ಕೆಲಸ. ಪಕ್ಕದ ಕೋಣೆಯಲ್ಲಿ ಕಾರ್ಯಕ್ರಮ ಜೋಡಿಸುವುದು ನನ್ನದು.

ಅವಳು ಮೌಸ್ ಮುಟ್ಟುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ನೂರಾರು ಫೈಲು ಸೇರಿ, ಕುಗ್ಗಿ, ಒಂದೇ ಗಂಟಾಗುತ್ತಿದ್ದವು. ಆ ಸಾಲಿನಲ್ಲಿ ಮೊದಲು ಗಂಟಿನ ಹೆಸರು ಬರಬೇಕು, ಆಮೇಲೆ ಒಳಗೆ ಹೋಗುವ ಫೈಲುಗಳದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಲೆಂಪಿ ಗಂಟಿಗೆ ಹೆಸರಿಡುವುದನ್ನೇ ಮರೆತು, ಬರೀ ‘ಇಲ್ಲಿರುವ ಎಲ್ಲ ಫೈಲು’ ಎಂದು ಬರೆದುಬಿಟ್ಟಳು. ಪಟ್ಟಿಯ ಮೊದಲ ಫೈಲನ್ನೇ ಕಂಪ್ಯೂಟರು ಗಂಟು ಎಂದುಕೊಂಡಿತು. ಅದರಲ್ಲಿದ್ದುದನ್ನು ಒರೆಸಿ ಉಳಿದದ್ದನ್ನು ತುಂಬಿತು. ಫೈಲುಗಳಿಗೆ ಆಯಾ ದನಿಯವರದೇ ಹೆಸರು. ಅಕ್ಷರಕ್ರಮದಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು ಐನೊ, ಲೆಂಪಿಯ ಸ್ವಂತ ಸೋದರತ್ತೆ. ಅವಳ ದನಿ ಇನ್ನೆಲ್ಲೂ ಇರಲಿಲ್ಲ.

ಅಂದಿನಿಂದ ಲೆಂಪಿಗೆ ಒಂದು ವ್ರತ: ಕಟ್ಟಿದ ಗಂಟನ್ನು ಬೇರೆ ಕಡೆ ಬಿಚ್ಚಿ ನೋಡದೆ ಮೂಲವನ್ನು ಅಳಿಸುವುದಿಲ್ಲ.

ಕಳೆದ ಚಳಿಗಾಲ ರೇಡಿಯೋ ಕೇಂದ್ರ ಬೇರೆ ಮಾಲೀಕರ ಕೈಗೆ ಹೋಯಿತು. ಗ್ರಾಂಟ್ ಎಂಬ ಹೊಸ ಮ್ಯಾನೇಜರ್ ಬಂದ. ದನಿಗಳಿದ್ದ ಹಳೇ ಕಂಪ್ಯೂಟರನ್ನು ಮಾರಿಯಾಗಿತ್ತು. ಹೊರಡುವ ಮುನ್ನ ಅದನ್ನು ಖಾಲಿ ಮಾಡಬೇಕು. ಹಿಮ ಸರಿಸಿಕೊಂಡು ಲಾರಿ ಬಂದು ನಿಂತಾಗ ಲೆಂಪಿ ಎಲ್ಲವನ್ನೂ ಹೊಸ ಕಂಪ್ಯೂಟರಿಗೆಂದು ಗಂಟು ಕಟ್ಟಿ ಮುಗಿಸಿದ್ದಳು.

“ಆಯ್ತಲ್ಲ, ಅಳಿಸಿಬಿಡಿ” ಎಂದ ಗ್ರಾಂಟ್.

“ಬಿಚ್ಚಿ ನೋಡ್ಬೇಕು.”

“ಎಷ್ಟೊತ್ತಾಗುತ್ತೆ?”

“ಅದಕ್ಕೆ ಎಷ್ಟೊತ್ತು ಬೇಕೋ ಅಷ್ಟು.”

“ಲಾರಿಯವರು ಕಾಯ್ತಿದ್ದಾರೆ ಕಣ್ರೀ! ಏನೂ ತಪ್ಪು ತೋರಿಸ್ಲಿಲ್ಲವಲ್ಲ ಅದು?”

“ಅತ್ತೇನ ಅಳಿಸಿದಾಗ್ಲೂ ತೋರಿಸ್ಲಿಲ್ಲ.”

ತನ್ನ ಮನೆಯಿಂದ ತಂದ ಡಿಸ್ಕನ್ನು ಸಿಕ್ಕಿಸಿ, ಅದರ ಖಾಲಿ ಜಾಗದಲ್ಲಿ ಗಂಟು ಬಿಚ್ಚತೊಡಗಿದಳು. ಪರದೆಯ ಮೇಲೆ ಹೆಸರುಗಳು ಒಂದರ ಹಿಂದೊಂದು ಇಳಿದವು. ಲಾರಿಯವರನ್ನು ಒಳಗೆ ಕರೆದು ಕಾಫಿ ಕೊಟ್ಟಳು, ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಕೊಯ್ದಿಟ್ಟಳು.

ಗ್ರಾಂಟ್ ಕೆಂಪಾದ. “ಇದರಿಂದ ನಿಮ್ಮ ಕೆಲಸ ಹೋಗ್ಬಹುದು, ಗೊತ್ತಿರ್ಲಿ.”

“ಹೋಗ್ಲಿ ಬಿಡಯ್ಯ. ಕೆಲಸ ಇನ್ನೊಂದು ಸಿಗುತ್ತೆ. ಐನೊ ಅತ್ತೆ ಸಿಗ್ಲಿಲ್ಲ.”

ಲಾರಿಯ ಡ್ರೈವರ್ ಕೈಗವಸು ಬಿಚ್ಚುತ್ತ, “ನಮ್ಮಜ್ಜಿ ಹಿಲ್ಯಾನೂ ಇದ್ರೊಳಗೆ ಇದ್ದಾಳಾ ಲೆಂಪಕ್ಕ?” ಎಂದ.

“ಹಸು ಕಳೆದುಹೋದ ಕಥೆ ಹೇಳಿದ್ದಾಳೆ. ಕೂತ್ಕೋ.”

“ಹಾಗಾದ್ರೆ ನಮಗೇನೂ ಅವಸರ ಇಲ್ಲ ಸಾರ್” ಎಂದು ಅವನು ಇನ್ನೊಂದು ತುಂಡು ಬ್ರೆಡ್ಡಿಗೆ ಕೈ ಹಾಕಿದ. ಗ್ರಾಂಟ್ ನನ್ನ ಮುಖ ನೋಡಿದ. ನಾನೂ ಬ್ರೆಡ್ಡು ತಿನ್ನುತ್ತಿದ್ದೆ.

ಬಿಚ್ಚಿದ್ದು ಮುಗಿಯಿತು. ಬಿಚ್ಚಿದ್ದನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಲೆಂಪಿ ಇನ್ನೊಂದು ಸಾಲು ಬರೆದಳು. ಬಹಳ ಹೊತ್ತು ಏನೂ ಬರಲಿಲ್ಲ. ಕೊನೆಗೂ ಬರಲಿಲ್ಲ, ಕರ್ಸರ್ ಮಾತ್ರ ಹೊಸ ಸಾಲಿಗೆ ಇಳಿದು ಮಿಣುಕಿತು.

“ಏನಾಯ್ತು? ಕೆಟ್ಟಿತಾ?” ಎಂದ ಗ್ರಾಂಟ್.

“ವ್ಯತ್ಯಾಸ ಇದ್ರೆ ಮಾತ್ರ ಇದು ಬಾಯಿ ಬಿಡೋದು. ನಮ್ಮ ಫಿನ್ ಗಂಡಸರ ಹಾಗೆ.”

ಡ್ರೈವರ್ ಕಾಫಿ ಉಗುಳಿಕೊಂಡು ನಕ್ಕ.

“ನೋಡಿದ್ರಾ? ನಾನು ಹೇಳ್ದಾಗ್ಲೂ ಸರಿಯಾಗೇ ಇತ್ತು” ಎಂದ ಗ್ರಾಂಟ್.

“ಇತ್ತು. ಆದ್ರೆ ಆಗ ನಿನಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ.”

ಆಮೇಲೆ ಅವಳೇ ಮೂಲವನ್ನೆಲ್ಲ ಅಳಿಸಿದಳು. ಎದ್ದು ಕೋಟು ತೊಟ್ಟು, ಕೋಣೆಯ ಕೀಲಿಯನ್ನು ಅವನ ಮುಂದಿಟ್ಟಳು.

“ಸೋಮವಾರ ಬರ್ಲೋ ಬೇಡ್ವೋ ನೀನೇ ಹೇಳು. ಬಂದ್ರೆ ನಾನು ಮಾಡೋದು ಹೀಗೇ.”

ಗ್ರಾಂಟ್ ಕೀಲಿಯನ್ನು ನೋಡಿದ, ಲಾರಿಯವರನ್ನು ನೋಡಿದ. ಕೀಲಿಯನ್ನು ಒಂದು ಬೆರಳಿನಿಂದ ಅವಳ ಕಡೆಗೇ ತಳ್ಳಿದ.