ಯಜಮಾನರು ಮುಚ್ಚುತ್ತಿದ್ದ ನಲ್ಲಿ

ನಮ್ಮ ಯಜಮಾನರನ್ನು ಬೀದಿಯವರೆಲ್ಲ ‘ಆಮೇಲೆ’ ಅಂತಲೇ ಕರೆಯುತ್ತಿದ್ದರು. ಶಾಲೆ ವ್ಯಾನಿನ ಡ್ರೈವರ್. ವ್ಯಾನು ಒಂದು ದಿನವೂ ತಡವಾಗಲಿಲ್ಲ. ಮನೆಯ ಕೆಲಸ ಹೇಳಿದರೆ ಮಾತ್ರ ‘ಆಮೇಲೆ ನೋಡೋಣ’ ಅನ್ನುತ್ತಿದ್ದರು. ಬೀರುವಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ರಟ್ಟು. ಬಚ್ಚಲ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು. ಫ್ಯಾನು ತಿರುಗಬೇಕಾದರೆ ಕೋಲಿನಿಂದ ಒಂದು ಸಲ ತಳ್ಳಬೇಕು. ಅವರ ಲೆಕ್ಕದಲ್ಲಿ ಇವೆಲ್ಲ ರಿಪೇರಿ. ನನಗೂ ಅಭ್ಯಾಸವಾಗಿ ಹೋಗಿತ್ತು.

ಅವರು ತೀರಿಕೊಂಡು ಕೆಲವು ತಿಂಗಳಾಯಿತು. ಎದೆ ನೋಯುತ್ತಿದೆ ಅಂದರು. ಆಸ್ಪತ್ರೆಗೆ ಹೋಗೋಣ ಅಂದೆ. ಆಮೇಲೆ ಅಂದರು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಮನೆಯಲ್ಲಿ ಉಳಿದದ್ದು ನಾನು ಮತ್ತು ಅತ್ತೆ. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಕಾಲು ಆಡುವುದಿಲ್ಲ, ನಾಲಿಗೆ ಚೆನ್ನಾಗಿ ಆಡುತ್ತದೆ. ದಿನವೂ ಅವರ ದುಪ್ಪಟಿ ಒಗೆಯಬೇಕು. ವಾಷಿಂಗ್ ಮೆಷಿನ್ ಇಲ್ಲದೆ ನಮ್ಮ ದಿನ ಕಳೆಯುವುದಿಲ್ಲ.

ಯಜಮಾನರು ಹೋದ ಮೇಲೆ ಆ ಮೆಷಿನ್ ಸೋರತೊಡಗಿತು. ಸ್ವಿಚ್ಚು ಆರಿಸಿದ್ದರೂ ಬೆಳಿಗ್ಗೆ ನೋಡಿದರೆ ಬಟ್ಟೆ ಹಾಕುವ ತೊಟ್ಟಿ ತುಂಬಿ ನೀರು ನೆಲಕ್ಕೆ ಇಳಿದಿರುತ್ತಿತ್ತು. ಕೆಳಮನೆಯ ಟೈಲರ್ ಮೆಟ್ಟಿಲು ಹತ್ತಿ ಬಂದ.

“ಅಕ್ಕಾ, ನನ್ನ ಹೊಲಿಗೆ ಮೆಷಿನ್ ಮೇಲೆ ತೊಟ್ಟಿಕ್ಕುತ್ತೆ. ಕೊಡೆ ಹಿಡ್ಕೊಂಡು ಹೊಲಿಯೋಕೆ ನನಗೇನು ಮೂರು ಕೈ ಇದೆಯಾ?”

ಅತ್ತೆ ಒಳಗಿಂದಲೇ ಹೇಳಿದರು: “ನಲ್ಲಿ ಮುಚ್ಚೇ. ಒಗೆದಾದ ಮೇಲೆ ಅವನು ಗೋಡೆ ನಲ್ಲಿ ಮುಚ್ತಿರಲಿಲ್ವಾ? ಮೆಷಿನ್ನಿಗೆ ನೀರು ಬಿಡೋ ವಾಲ್ವು ಸರಿಯಾಗಿ ಮುಚ್ಕೊಳಲ್ಲ ಅಂತಿದ್ದ.”

ಆಗ ಗೊತ್ತಾಯಿತು. ದಿನಾ ಮೆಷಿನ್ ಹಿಂದೆ ಕೈ ಹಾಕಿ ನಲ್ಲಿ ತಿರುಗಿಸುತ್ತಿದ್ದರು. ಅತಿ ಜಾಗ್ರತೆ ಅಂದುಕೊಂಡಿದ್ದೆ. ಅದೂ ಬೀರುವಿನ ರಟ್ಟಿನ ಹಾಗೇ.

ನಾನೂ ಮುಚ್ಚತೊಡಗಿದೆ. ಒಂದು ದಿನ ಬಟ್ಟೆ ತೆಗೆಯುವ ಹೊತ್ತಿಗೆ ಸರಿಯಾಗಿ ಅತ್ತೆ ಮಂಚದಿಂದ ಜಾರಿದರು. ಓಡಿದೆ, ಎತ್ತಿ ಮಲಗಿಸಿದೆ, ನಲ್ಲಿ ಮರೆತೆ. ಮರುದಿನ ಟೈಲರ್ ಮನೆಯಲ್ಲಿ ನೆನೆದದ್ದು ನನ್ನ ನಾದಿನಿ ಹೊಲಿಯಲು ಕೊಟ್ಟಿದ್ದ ಬಟ್ಟೆ.

ನಾದಿನಿ ಫೋನ್ ಮಾಡಿದಳು. “ಅತ್ತಿಗೆ, ನಿಮ್ಮ ಕೈಲಿ ಆಗ್ತಿಲ್ಲ. ಒಂದು ನಲ್ಲಿ ನೋಡ್ಕೊಳೋಕೆ ಆಗದೆ ಇದ್ರೆ ಅಮ್ಮನ್ನ ಹೇಗೆ ನೋಡ್ಕೊತೀರಿ? ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ.”

ಅವಳು ಕೆಟ್ಟವಳಲ್ಲ. ಹೇಳಿದ್ದೂ ಸುಳ್ಳಲ್ಲ. ಆದರೆ ಅತ್ತೆ ಹೋದರೆ ಯಜಮಾನರನ್ನು ಬೈಯಲು ನನ್ನ ಜೊತೆ ಯಾರೂ ಇರುವುದಿಲ್ಲ. ಸಂಜೆಯಾದರೆ ನಾವಿಬ್ಬರೂ ಕೂತು ಬೈಯುತ್ತೇವೆ. ರಟ್ಟಿಗೆ, ಬಾಗಿಲಿಗೆ, ಹೇಳದೆ ಕೇಳದೆ ಹೋದದ್ದಕ್ಕೆ. ಬೈದ ಮೇಲೆ ಊಟ ಸೇರುತ್ತದೆ.

ರಿಪೇರಿಯವನಿಗೆ ಫೋನ್ ಮಾಡಿದೆ. “ಮುಂದಿನ ವಾರ ನೋಡೋಣಮ್ಮ” ಅಂದ. ಆ ಮಾತನ್ನು ಈ ಮನೆಯಲ್ಲಿ ಸಾಕಷ್ಟು ಕೇಳಿದ್ದೇನೆ. ಫೋನ್ ಇಟ್ಟೆ.

ಪ್ಲಗ್ ಕಿತ್ತೆ. ನಲ್ಲಿ ಮುಚ್ಚಿ, ಮೆಷಿನ್ ಎಳೆದು, ಹಿಂದಿನ ನೀರಿನ ಪೈಪು ಬಿಚ್ಚಿದೆ. ವಾಲ್ವಿನ ಬಾಯಲ್ಲಿ ಒಂದು ಪುಟ್ಟ ಜಾಲರಿ, ತುಂಬ ಮಣ್ಣು. ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ತಿಕ್ಕಿ ತೊಳೆದು, ಮತ್ತೆ ಜೋಡಿಸಿ ನಲ್ಲಿ ಬಿಟ್ಟೆ. ಪ್ಲಗ್ ಇನ್ನೂ ಹಾಕಿರಲಿಲ್ಲ, ಆದರೂ ತೊಟ್ಟಿಗೆ ನೀರು ಬೀಳುತ್ತಿತ್ತು. ಕರೆಂಟಿನದ್ದೇನೂ ಅಲ್ಲ, ವಾಲ್ವೇ ಕೆಟ್ಟಿದೆ.

ಮತ್ತೆ ನಲ್ಲಿ ಮುಚ್ಚಿ ಹಿಂದಿನ ತಗಡಿನ ಸ್ಕ್ರೂ ಬಿಚ್ಚಿದೆ. ವಾಲ್ವು ಮುಷ್ಟಿಯಷ್ಟಿದೆ. ಎರಡು ವೈರು, ಒಳಗೆ ಹೋಗುವ ಒಂದು ರಬ್ಬರ್ ಕೊಳವೆ. ಯಾವ ವೈರು ಎಲ್ಲಿತ್ತು ಮರೆಯಬಾರದೆಂದು ಒಂದಕ್ಕೆ ಕೆಂಪು ದಾರ ಕಟ್ಟಿದೆ. ವಾಲ್ವನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ.

“ಮನೇಲಿ ಗಂಡಸರು ಯಾರೂ ಇಲ್ವೇನಮ್ಮ?” ಅಂದ ಅಂಗಡಿಯವನು.

“ಇದ್ದರು. ಇದ್ದಾಗಲೂ ಇದು ಸೋರ್ತಿತ್ತು. ಇದೇ ಥರದ್ದು ಕೊಡಿ.”

ಕೊಟ್ಟ. ತಂದು ಕೂರಿಸಿದೆ. ನಲ್ಲಿ ಬಿಟ್ಟರೆ ತೊಟ್ಟಿಗೆ ಒಂದು ಹನಿಯೂ ಬೀಳಲಿಲ್ಲ. ಆದರೆ ಪೈಪು ಸೇರುವ ಕಡೆ ಜಿನುಗಿತು. ಬಿಗಿ ಮಾಡಿದೆ. ಇನ್ನೂ ಬಿಗಿ ಮಾಡಿದೆ. ಅಂಗೈ ಕೆಂಪಾಯಿತು, ಜಿನುಗುವುದು ನಿಲ್ಲಲಿಲ್ಲ.

“ಏನಾಯ್ತೇ?” ಅಂದರು ಅತ್ತೆ.

“ಪೈಪಿನ ಹತ್ತಿರ ಸೋರ್ತಿದೆ.”

“ಒಂದು ಬಟ್ಟೆ ಸುತ್ತಿ ಬಿಡು. ಆಮೇಲೆ ನೋಡೋಣ.”

ನಾನು ಪೈಪು ಬಿಟ್ಟು ಕೋಣೆಯ ಬಾಗಿಲಿಗೆ ಬಂದೆ.

“ಮಗ ಎಲ್ಲಿ ಕಲಿತ ಅಂತ ಈಗ ಗೊತ್ತಾಯ್ತು ಬಿಡಿ” ಅಂದೆ. ಅತ್ತೆ ಗೋಡೆ ಕಡೆ ಮುಖ ತಿರುಗಿಸಿ ನಕ್ಕರು. ಅತ್ತರೂ ಇರಬಹುದು, ನಾನು ನೋಡಲು ಹೋಗಲಿಲ್ಲ.

ಬಟ್ಟೆ ಸುತ್ತಲಿಲ್ಲ. ನಲ್ಲಿ ಮುಚ್ಚಿ ಪೈಪು ಮತ್ತೆ ಬಿಚ್ಚಿದೆ. ಬೆರಳು ಹಾಕಿ ನೋಡಿದರೆ ಅಲ್ಲಿ ಇರಬೇಕಾದ ರಬ್ಬರ್ ಬಳೆ ಇಲ್ಲ. ಚೀಲದಲ್ಲಿದ್ದ ಹಳೇ ವಾಲ್ವು ತೆಗೆದೆ. ಬಳೆ ಅದರ ಮೂತಿಗೆ ಅಂಟಿಕೊಂಡು ಕೂತಿತ್ತು. ಉಗುರಿನಿಂದ ಬಿಡಿಸಿ ಪೈಪಿಗೆ ಕೂರಿಸಿ ಕೈಯಲ್ಲೇ ತಿರುಗಿಸಿದೆ. ನಲ್ಲಿ ಬಿಟ್ಟೆ. ಜಿನುಗುವುದು ನಿಂತಿತು.

ಶನಿವಾರ ನಲ್ಲಿ ತೆರೆದಿಟ್ಟೇ ಮಲಗಿದೆ. ಮೆಷಿನ್ ಕೆಳಗೆ ಹಳೇ ಪೇಪರ್ ಹಾಸಿದ್ದೆ. ಬೆಳಿಗ್ಗೆ ಪೇಪರ್ ಗರಿಗರಿಯಾಗಿತ್ತು.

ನಾದಿನಿ ಬಂದಾಗ ಒಗೆಯುವುದು ಆಗಷ್ಟೇ ಮುಗಿದಿತ್ತು. ಅವಳು ಚಪ್ಪಲಿ ಬಿಟ್ಟವಳೇ ಮೆಷಿನ್ ಹತ್ತಿರ ಹೋದಳು, ಹಿಂದೆ ಕೈ ಹಾಕಿ ನಲ್ಲಿ ಹಿಡಿದಳು.

“ಅಣ್ಣ ಹೀಗೇ ಮುಚ್ತಿದ್ದ” ಅಂದಳು.

“ಬಿಡು. ತೆರೆದೇ ಇರಲಿ.”

“ಸೋರಲ್ವಾ?”

“ಸೋರಲ್ಲ. ವಾಲ್ವು ಬದಲಾಯಿಸಿದೆ.”

“ಯಾರು ಬದಲಾಯಿಸಿದ್ದು?”

“ನಾನೇ.”

ಅವಳು ನೆಲ ನೋಡಿದಳು, ಬಗ್ಗಿ ಪೇಪರ್ ಮುಟ್ಟಿ ನೋಡಿದಳು. ಒಳಗಿಂದ ಅತ್ತೆ ಅಂದರು: “ನನ್ನ ಗಂಟು ಮೂಟೆ ಕಟ್ಟೋಕೆ ಬಂದಿದ್ರೆ ಕೈ ಖಾಲಿ ಇದೆ ಅಂತಾಯ್ತು. ಆ ದುಪ್ಪಟಿ ಒಣಗಹಾಕು.”

ನಾದಿನಿ ಬಕೆಟ್ ಎತ್ತಿಕೊಂಡು ತಾರಸಿಗೆ ಹೋದಳು. ಊಟ ಮಾಡಿ, ಹೋಗುವಾಗ ಒಬ್ಬಳೇ ಹೋದಳು.

ಸಂಜೆ ಬಚ್ಚಲ ಬಾಗಿಲಿನ ಕೀಲು ಬಿಚ್ಚಿದೆ. ನಾಳೆ ಫ್ಯಾನು. ಬೀರುವಿನ ಕೆಳಗಿನ ರಟ್ಟನ್ನು ಮಾತ್ರ ಮುಟ್ಟುವುದಿಲ್ಲ. ಬೈಯಲು ಒಂದಾದರೂ ಇರಲಿ.